ಬಸ್ಯಾನ ಬಾಯಿಯೊಳಗಿನ ಬೂಷ್ಟು

ನಮ್ಮ ಮನೆಯಲ್ಲಿ ಹಳದಿ ಟವೆಲ್ ಇಟ್ಟುಕೊಳ್ಳುವ ಹಾಗಿಲ್ಲ. ಇದ್ದ ಒಂದನ್ನು ನೆಲ ಒರೆಸಲು ಹಾಕಿ ಮುಗಿಸಿದೆವು. ಊರಿಂದ ಬಂದ ನೆಂಟರು ಯಾರಾದರೂ ಹಳದಿ ಟವೆಲ್ ಹೆಗಲ ಮೇಲೆ ಹಾಕಿಕೊಂಡು ಪಡಸಾಲೆಗೆ ಬಂದರೆ ಸಾಕು, ಬಸ್ಯಾ ಪಂಜರದ ಹಿಂದಿನ ಮೂಲೆಗೆ ಸರಿದು, ಜುಟ್ಟು ನೆಟ್ಟಗೆ ನಿಲ್ಲಿಸಿ, ಬುಸ್ ಅನ್ನುತ್ತಾನೆ. ನೆಂಟರಿಗೆ ಗಾಬರಿ. "ಇದೇನ್ರೀ, ಗಿಣಿ ಹಾವಿನಗತೆ ಬುಸುಗುಡತೈತಿ?" ಅಂತ ಕೇಳುತ್ತಾರೆ. ಅದರ ಕಥೆ ಹೇಳಲು ಕೂತರೆ ಚಹಾ ಆರಿ ಹೋಗುತ್ತದೆ. ಅದಕ್ಕೇ ಇಲ್ಲಿ ಬರೆದಿಡುತ್ತಿದ್ದೇನೆ.

ಬಸ್ಯಾ ಕಾಕಟೀಲ್ ಜಾತಿಯವನು. ಬೂದು ಮೈ, ಹಳದಿ ಮುಖ, ಕೆನ್ನೆಯ ಮೇಲೆ ಕಿತ್ತಳೆ ಬೊಟ್ಟು. ಆಸ್ಟ್ರೇಲಿಯಾ ಮೂಲದ ಸಣ್ಣ ಗಿಳಿ. ನಮ್ಮ ಹಸಿರು ಗಿಣಿ ಅಲ್ಲ. ಹಸಿರು ಗಿಣಿಯನ್ನು ಹಿಡಿಯುವುದು, ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಗಿಣಿಶಾಸ್ತ್ರದವರ ಪಂಜರ ನೋಡಿ ನೋಡಿ ನಮಗೆ ಅದು ಅಪರಾಧ ಅಂತ ಅನ್ನಿಸುವುದೇ ಇಲ್ಲ, ಅದು ಬೇರೆ ಮಾತು.

ಸಾಧನಕೇರಿ ಕಡೆ ನಮ್ಮದು ಹಳೆಯ ಹಂಚಿನ ಮನೆ. ಧಾರವಾಡದ ಮಳೆಗಾಲ ಗೊತ್ತಿದ್ದವರಿಗೆ ಗೊತ್ತು. ಹುಬ್ಬಳ್ಳಿಯಲ್ಲಿ ಬಿಸಿಲು ಹೊಡೆಯುತ್ತಿರುತ್ತದೆ, ನವನಗರ ದಾಟಿ ಈ ಕಡೆ ಬಂದರೆ ಜಿಟಿಜಿಟಿ ಶುರು. ಜುಲೈ ತಿಂಗಳಲ್ಲಿ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಬೆಲ್ಟಿಗೆ ಬೂಷ್ಟು, ಚಪ್ಪಲಿಗೆ ಬೂಷ್ಟು, ಕಪಾಟಿನ ಪುಸ್ತಕಗಳ ಬೆನ್ನಿಗೂ ಬೂಷ್ಟು. ಅದನ್ನು ಒರೆಸಿ ಒರೆಸಿ ನಮಗೆ ಅದೊಂದು ಮನೆಗೆಲಸ, ಅಷ್ಟೆ. ಅದು ಜೀವ ತೆಗೆಯುವ ವಸ್ತು ಅಂತ ಯಾರು ಅಂದುಕೊಳ್ಳುತ್ತಾರೆ?

ಅಂಥದೇ ಒಂದು ಜುಲೈನಲ್ಲಿ ಬಸ್ಯಾ ಸೀನಲು ಶುರು ಮಾಡಿದ. ಎರಡು ದಿನ ನೋಡಿ, ಹಕ್ಕಿ ಮಾರುವ ಅಂಗಡಿಯೊಂದಕ್ಕೆ ಹೋಗಿ ಹೇಳಿದೆ. ಅಂಗಡಿಯವನು ಒಂದು ಪುಡಿಯ ಪೊಟ್ಟಣ ಕೊಟ್ಟ. ಕೋಳಿ ಫಾರಂನಲ್ಲಿ ನೀರಿಗೆ ಹಾಕುವ ಆ್ಯಂಟಿಬಯಾಟಿಕ್. "ಚಿಟಿಕಿ ಹಾಕ್ರಿ, ಸೀನು ಹೋಗತೈತಿ." ಸೀನು ಹೋಯಿತು. ಬಹುಶಃ ಪುಡಿ ಹಾಕದಿದ್ದರೂ ಹೋಗುತ್ತಿತ್ತು. ಆದರೆ ನಾನು ಹೆಚ್ಚಿಗೆ ಜಾಣ ಅಲ್ವಾ, ಪೂರ್ತಿ ಗುಣ ಆಗಲಿ ಅಂತ ಹನ್ನೆರಡು ದಿನ ಹಾಕಿದೆ.

ಹದಿಮೂರನೇ ದಿನ ಬಸ್ಯಾ ತಿಂದದ್ದನ್ನು ಕಾರಿದ. ತಲೆ ಝಾಡಿಸಿದ್ದಕ್ಕೆ ಅದು ನೆತ್ತಿಯ ಗರಿಗೆಲ್ಲ ಅಂಟಿಕೊಂಡಿತು. ಕುತ್ತಿಗೆಯ ಕೆಳಗೆ ಹಕ್ಕಿಗಳಿಗೆ ಒಂದು ಅನ್ನದ ಚೀಲ ಇರುತ್ತದೆ. ತಿಂದದ್ದು ಮೊದಲು ಅಲ್ಲಿ ಕೂತು ನೆನೆದು, ಆಮೇಲೆ ಹೊಟ್ಟೆಗೆ ಇಳಿಯುತ್ತದೆ. ರಾತ್ರಿ ತಿಂದದ್ದು ಬೆಳಗಿನ ಹೊತ್ತಿಗೆ ಖಾಲಿಯಾಗಬೇಕು. ಬಸ್ಯಾನ ಚೀಲ ಬೆಳಿಗ್ಗೆಯೂ ಮೆತ್ತಗೆ ತುಂಬಿಕೊಂಡಿತ್ತು. ಬಾಯಿಯ ಹತ್ತಿರ ಮೂಗು ಒಯ್ದರೆ ಹುಳಿ ಬಂದ ಅಂಬಲಿಯ ವಾಸನೆ. ಅಡಿಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ನಿಲ್ಲಿಸಿದೆ. ಯಾವಾಗಲೂ 94 ಗ್ರಾಂ ಇರುತ್ತಿದ್ದವನು 78 ತೋರಿಸಿದ. ಹದಿನಾರು ಗ್ರಾಂ ಅಂದರೆ ಏನು ಮಹಾ ಅನ್ನಿಸಬಹುದು. ಅರವತ್ತು ಕಿಲೋ ಮನುಷ್ಯ ಎರಡು ವಾರದಲ್ಲಿ ಐವತ್ತಕ್ಕೆ ಇಳಿದ ಹಾಗೆ ಅದು.

ಅವಳಿ ನಗರದಲ್ಲಿ ಎಮ್ಮೆ ನೋಡುವ ಡಾಕ್ಟರು, ನಾಯಿ ನೋಡುವ ಡಾಕ್ಟರು ಬೇಕಾದಷ್ಟು. ಹಕ್ಕಿ ಹಿಡಿದು ನೋಡುವವರು ಕಡಿಮೆ. ಕೇಳುತ್ತಾ ಕೇಳುತ್ತಾ ಹುಬ್ಬಳ್ಳಿಯಲ್ಲಿ ಒಬ್ಬರು ಸಿಕ್ಕರು. ರಟ್ಟಿನ ಡಬ್ಬಿಗೆ ತೂತು ಕೊರೆದು, ಬಸ್ಯಾನನ್ನು ಒಳಗೆ ಕೂರಿಸಿ, ಆಟೋದಲ್ಲಿ ಹೋದೆ. ಡಾಕ್ಟರು ಸಣ್ಣ ಟಾರ್ಚು ಬಿಟ್ಟು ಬಾಯಿ ತೆರೆಸಿ ತೋರಿಸಿದರು. ನಾಲಿಗೆಯ ಬುಡದಲ್ಲಿ, ಅಂಗುಳಿನ ಮೇಲೆ, ಮೊಸರಿನ ಕೆನೆ ಅಂಟಿದ ಹಾಗೆ ಬಿಳಿ ಪದರ. ಹತ್ತಿಯ ಕಡ್ಡಿಯಲ್ಲಿ ಅದನ್ನು ತೆಗೆದು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ, ಮೈಕ್ರೋಸ್ಕೋಪಿನಲ್ಲಿ ನನಗೂ ನೋಡಲು ಹೇಳಿದರು. ಕಡು ನೇರಳೆ ಬಣ್ಣದ ಮೊಟ್ಟೆಗಳು. ಕೆಲವಕ್ಕೆ ಬದಿಯಲ್ಲಿ ಪುಟ್ಟ ಮೊಗ್ಗು. ನೆನೆಸಿದ ಹೆಸರುಕಾಳಿಗೆ ಮೊಳಕೆ ಒಡೆದಂತೆ.

"ಕ್ಯಾಂಡಿಡಾ ರೀ. ನಾವು ನೀವು ಎಲ್ಲರ ಹೊಟ್ಟ್ಯಾಗೂ ಇರತೈತಿ, ಸುಮ್ಮ ಕುಂತಿರತೈತಿ. ನೀವೇನರ ಆ್ಯಂಟಿಬಯಾಟಿಕ್ ಹಾಕಿದ್ರೇನು?"

ನಾನು ಪೊಟ್ಟಣ ತೆಗೆದು ಮೇಜಿನ ಮೇಲೆ ಇಟ್ಟೆ. ಅವರು ಬೈಯಲಿಲ್ಲ. ಬೈದಿದ್ದರೆ ಹಗುರ ಆಗುತ್ತಿತ್ತು.

ಆಮೇಲೆ ಅವರು ಹೇಳಿದ್ದನ್ನು ನಾನು ಮನೆಯಲ್ಲಿ ಹೀಗೆ ಹೇಳಿ ತಿಳಿಸಿದೆ. ಹಬ್ಬದ ಹಿಂದಿನ ದಿನದ ಬಸ್ಸು ನೆನೆಸಿಕೊಳ್ಳಿ. ಹೊಟ್ಟೆಯೊಳಗಿನ ಒಳ್ಳೆಯ ಬ್ಯಾಕ್ಟೀರಿಯಾಗಳು ಎಲ್ಲ ಸೀಟಿನಲ್ಲೂ ಕೂತಿರುತ್ತವೆ. ಈ ಕ್ಯಾಂಡಿಡಾ ಅನ್ನುವ ಯೀಸ್ಟ್, ಅದೂ ಬೂಷ್ಟಿನ ಕುಲದ್ದೇ, ಬಾಗಿಲ ಹತ್ತಿರ ಕಂಬ ಹಿಡಿದು ನಿಂತಿರುತ್ತದೆ. ಆ್ಯಂಟಿಬಯಾಟಿಕ್ ಬಂದು ಬ್ಯಾಕ್ಟೀರಿಯಾಗಳನ್ನೆಲ್ಲ ಇಳಿಸಿಬಿಡುತ್ತದೆ. ಯೀಸ್ಟನ್ನು ಅದು ಮುಟ್ಟುವುದಿಲ್ಲ, ಅದಕ್ಕೆ ಆ ಶಕ್ತಿಯೇ ಇಲ್ಲ. ಬಸ್ಸು ಖಾಲಿ. ಯೀಸ್ಟು ಒಂದೊಂದು ಸೀಟಿಗೆ ಒಂದೊಂದು ಟವೆಲ್ ಹಾಕಿ ಜಾಗ ಹಿಡಿಯುತ್ತದೆ. ಟಿಕೆಟ್ ತೆಗೆಸಿ ಹತ್ತಿಸಿದವನು ನಾನೇ.

ಔಷಧಿ ನಿಸ್ಟಾಟಿನ್. ಚೀಟಿ ಹಿಡಿದು ಸುಮಾರು ಮೆಡಿಕಲ್ ಶಾಪ್ ಸುತ್ತಿದೆ. ಒಬ್ಬರು "ಅದಿಲ್ಲ, ಕೂಸಿನ ಬಾಯಿಹುಣ್ಣಿಗೆ ಹಚ್ಚೋ ಇದು ಐತಿ, ಎಲ್ಲಾ ಒಂದ" ಅಂತ ಬೇರೆ ಬಾಟಲಿ ತೆಗೆದರು. ಹನ್ನೆರಡು ದಿನದ ಪುಡಿ ನೆನಪಿತ್ತು. ಡಾಕ್ಟರಿಗೆ ಫೋನು ಮಾಡಿ ಕೇಳಿದೆ, ಬೇಡ ಅಂದರು. ಸಂಜೆ ಹೊತ್ತಿಗೆ ನಿಸ್ಟಾಟಿನ್ ಹನಿ ಸಿಕ್ಕಿತು. ಒಂದು ಎಂಎಲ್‌ಗೆ 1 ಲಕ್ಷ ಯೂನಿಟ್. ಬಸ್ಯಾನ ತೂಕ ಲೆಕ್ಕ ಹಾಕಿ ಡಾಕ್ಟರು ಬರೆದದ್ದು ಹೊತ್ತಿಗೆ ಕಾಲು ಎಂಎಲ್, ದಿನಕ್ಕೆ ಎರಡು ಸಲ, ಊಟಕ್ಕೆ ಮೊದಲು. ಇದನ್ನು ಓದಿ ನಿಮ್ಮ ಹಕ್ಕಿಗೂ ಕಾಲು ಎಂಎಲ್ ಹಾಕಬೇಡಿ. ಲವ್‌ಬರ್ಡ್ 50 ಗ್ರಾಂ ಇರುತ್ತದೆ, ಆಫ್ರಿಕನ್ ಗ್ರೇ ಗಿಳಿ 400 ಗ್ರಾಂ ಇರುತ್ತದೆ. ಬಾಯಿಯ ಬಿಳಿ ಪದರ ಎಲ್ಲವೂ ಯೀಸ್ಟೇ ಅಲ್ಲ ಕೂಡ.

ಊಟಕ್ಕೆ ಮೊದಲು ಯಾಕೆ ಅಂತ ಕೇಳಿದ್ದಕ್ಕೆ ಸಿಕ್ಕ ಉತ್ತರ ನನಗೆ ಬಹಳ ಹಿಡಿಸಿತು. ನಿಸ್ಟಾಟಿನ್ ಕರುಳಿನಿಂದ ರಕ್ತಕ್ಕೆ ಹೋಗುವುದೇ ಇಲ್ಲ. ಮೈಗೆ ಸಾಬೂನು ಹಚ್ಚಿದ ಹಾಗೆ, ಮುಟ್ಟಿದ ಕಡೆ ಮಾತ್ರ ಕೆಲಸ. ಚೀಲದಲ್ಲಿ ಕಾಳು ತುಂಬಿದ್ದರೆ ಅದು ಗೋಡೆಗೆ ತಾಗುವುದಿಲ್ಲ. ಕೊಳವೆ ಹಾಕಿ ಸೀದಾ ಚೀಲಕ್ಕೆ ಬಿಟ್ಟರೆ ಬಾಯಿಯ ಪದರ ಹಾಗೇ ಉಳಿಯುತ್ತದೆ. ಕುಡಿಯುವ ನೀರಿಗೆ ಬೆರೆಸಿದರೆ ತಳಕ್ಕೆ ಇಳಿಯುತ್ತದೆ, ಅದೂ ಕಾಕಟೀಲ್ ನೀರು ಕುಡಿಯುವುದು ಅಷ್ಟಕ್ಕಷ್ಟೆ. ಹಾಗಾಗಿ ಬೇರೆ ದಾರಿ ಇಲ್ಲ. ಹಿಡಿಯಬೇಕು, ಕೊಕ್ಕಿನ ಬದಿಯಿಂದ ಹನಿ ಹನಿಯಾಗಿ ಬಿಡಬೇಕು, ಅವನು ಚಪ್ಪರಿಸಿ ಬಾಯಿಯೆಲ್ಲ ಮೆತ್ತಿಕೊಳ್ಳಬೇಕು.

ಈ ಔಷಧಿ ಹುಟ್ಟಿದ ಕಥೆಯೂ ಚೆನ್ನಾಗಿದೆ. ಎಲಿಜಬೆತ್ ಹೇಜನ್ ಅಂತ ಒಬ್ಬರು ನ್ಯೂಯಾರ್ಕ್ ಪಟ್ಟಣದಲ್ಲಿ, ರೇಚಲ್ ಬ್ರೌನ್ ಅಂತ ಇನ್ನೊಬ್ಬರು ಆಲ್ಬನಿಯಲ್ಲಿ ಕೆಲಸ ಮಾಡುತ್ತಿದ್ದರು. ಹೇಜನ್ ಅಲ್ಲಿ ಇಲ್ಲಿಯ ಮಣ್ಣು ತಂದು ಅದರೊಳಗಿನ ಜೀವಿಗಳನ್ನು ಬೆಳೆಸುವುದು, ಬೂಷ್ಟನ್ನು ಕೊಲ್ಲುವಂಥದ್ದು ಸಿಕ್ಕರೆ ಗಾಜಿನ ಜಾಡಿಯಲ್ಲಿ ಹಾಕಿ ಅಂಚೆಯಲ್ಲಿ ಬ್ರೌನ್‌ಗೆ ಕಳಿಸುವುದು. ಬ್ರೌನ್ ಅದರ ರಸ ಬೇರ್ಪಡಿಸಿ ಮತ್ತೆ ಅಂಚೆಗೆ ಹಾಕುವುದು. ಕೊನೆಗೆ ವರ್ಜೀನಿಯಾದಲ್ಲಿ ಪರಿಚಯದವರ ಹೊಲದ ಮಣ್ಣಿನಲ್ಲಿ ಸಿಕ್ಕಿತು. 1950ರಲ್ಲಿ ಲೋಕಕ್ಕೆ ಹೇಳಿದರು. ನ್ಯೂಯಾರ್ಕ್ ಸ್ಟೇಟ್ ಅನ್ನುವುದರಿಂದಲೇ ನಿಸ್ಟಾಟಿನ್ ಅಂತ ಹೆಸರು. ಬಂದ ರಾಯಧನವನ್ನು ಇಬ್ಬರೂ ಸಂಶೋಧನೆಗೇ ಬಿಟ್ಟುಕೊಟ್ಟರು. 1966ರಲ್ಲಿ ಇಟಲಿಯ ಫ್ಲಾರೆನ್ಸ್‌ಗೆ ನೆರೆ ಬಂದು ಹಳೆಯ ಚಿತ್ರಗಳಿಗೆಲ್ಲ ಬೂಷ್ಟು ಹಿಡಿದಾಗ ಅವನ್ನು ಉಳಿಸಲೂ ಇದನ್ನೇ ಬಳಸಿದ್ದರು. ಸಿರಿಂಜ್ ತುಂಬುವಾಗ ನಾನು ಬಸ್ಯಾನಿಗೆ ಇದನ್ನು ಹೇಳಿದ್ದೂ ಉಂಟು. ಅವನು ನನ್ನ ಹೆಬ್ಬೆರಳು ಕಚ್ಚಿದ.

ಕಚ್ಚದೆ ಏನು ಮಾಡಿಯಾನು. ಎರಡು ವರ್ಷ ತಗಲಿತ್ತು ಅವನು ನನ್ನ ಕೈ ಮೇಲೆ ಬಂದು ಕೂರಲು. ಮೊದಲ ಆರು ತಿಂಗಳು ನಾನು ಪಂಜರದ ಪಕ್ಕ ಕೂತು ಸುಮ್ನೆ ಪೇಪರ್ ಓದುತ್ತಿದ್ದೆ, ಅವನ ಕಡೆ ನೋಡುತ್ತಲೂ ಇರಲಿಲ್ಲ. ಆಮೇಲೆ ಬೆರಳ ತುದಿಯಲ್ಲಿ ನವಣೆ. ಆಮೇಲೆ ಹೆಗಲು. ಆಮೇಲೆ ತಲೆ ಬಗ್ಗಿಸಿ ಕೆರೆಯಲು ಕೊಡುವುದು. ಅದೆಲ್ಲವನ್ನೂ ಹಳದಿ ಟವೆಲ್ ಒಂದೇ ಬೆಳಿಗ್ಗೆ ಮುಗಿಸಿತು. ಎದೆ ಒತ್ತಬಾರದು, ಹಕ್ಕಿಗೆ ನಮ್ಮ ಹಾಗೆ ಎದೆ ಹೊಟ್ಟೆಯ ನಡುವೆ ಉಸಿರಾಡಿಸುವ ವಪೆ ಇಲ್ಲ, ಎದೆಗೂಡು ಆಡಿದರೆ ಮಾತ್ರ ಉಸಿರು. ಕುತ್ತಿಗೆ ಮಾತ್ರ ಬೆರಳ ನಡುವೆ ಹಿಡಿದು, ಮೈಯನ್ನು ಟವೆಲ್ಲಿನಲ್ಲಿ ಸಡಿಲವಾಗಿ ಸುತ್ತಬೇಕು. ಅವನ ಎದೆ ಟವೆಲ್ಲಿನ ಒಳಗೆ ಗಡಿಯಾರದ ಹಾಗೆ ಅಲ್ಲ, ಹೊಲಿಗೆ ಮಷೀನಿನ ಹಾಗೆ ಬಡಿದುಕೊಳ್ಳುತ್ತಿತ್ತು. 21 ದಿನ, ದಿನಕ್ಕೆ ಎರಡು ಸಲ. ಒಂಬತ್ತನೇ ದಿನಕ್ಕೆ ಬಾಯಿ ಸ್ವಚ್ಛ ಆಯಿತು, ನಾನು ನಿಲ್ಲಿಸೋಣವಾ ಅಂತ ಕೇಳಿದೆ. "ಕಾಣೋದು ಹೋಗೇತಿ, ಬೇರು ಹೋಗಿಲ್ಲ" ಅಂದರು. ಮತ್ತೆ ಹನ್ನೆರಡು ದಿನ. ಇಬ್ಬರಿಗೂ ಸಾಕಾಗಿ ಹೋಗಿತ್ತು.

ಆ ದಿನಗಳಲ್ಲೇ ನನ್ನನ್ನು ಕಾಡಿದ ಪ್ರಶ್ನೆ ಒಂದು. ಬ್ಯಾಕ್ಟೀರಿಯಾಕ್ಕೆ ಐದು ದಿನದ ಮಾತ್ರೆ ಸಾಕು, ಬೂಷ್ಟಿಗೆ ಯಾಕೆ ವಾರಗಟ್ಟಲೆ, ತಿಂಗಳುಗಟ್ಟಲೆ? ಅಂಗಡಿಗಳಲ್ಲಿ ಬ್ಯಾಕ್ಟೀರಿಯಾದ ಔಷಧಿ ಅಷ್ಟೊಂದು ಬಗೆ, ಇದಕ್ಕೆ ಯಾಕೆ ಕೈಬೆರಳೆಣಿಕೆಯಷ್ಟು?

ಉತ್ತರ ಕೇಳಿದರೆ ನಗು ಬರುತ್ತದೆ. ಬೂಷ್ಟು ನಮ್ಮ ದಾಯಾದಿ. ನೋಡಲಿಕ್ಕೆ ಗಿಡದ ಹಾಗೆ ಕಂಡರೂ ಅದು ಗಿಡಗಳಿಗಿಂತ ಪ್ರಾಣಿಗಳಿಗೇ ಹತ್ತಿರದ ಕುಲ. ಬ್ಯಾಕ್ಟೀರಿಯಾ ಪೂರ್ತಿ ಪರಕೀಯ, ಅದರ ಮನೆಯ ಗೋಡೆಯೇ ಬೇರೆ, ಆ ಗೋಡೆ ಒಡೆಯುವ ಔಷಧಿ ನಮ್ಮನ್ನು ಮುಟ್ಟುವುದಿಲ್ಲ. ದಾಯಾದಿಯ ಮನೆ ಹಾಗಲ್ಲ. ಒಂದೇ ತೊಲೆ, ಒಂದೇ ಮಾಳಿಗೆ, ನಡುವೆ ಪಾಲಾದಾಗ ಎಬ್ಬಿಸಿದ ಒಂದು ತೆಳು ಗೋಡೆ. ಅವನ ಮನೆಗೆ ಬೆಂಕಿ ಇಟ್ಟರೆ ನಮ್ಮ ಮನೆಯೂ ಸುಡುತ್ತದೆ. ಹುಡುಕಿ ಹುಡುಕಿ ಸಿಕ್ಕ ದೊಡ್ಡ ವ್ಯತ್ಯಾಸ ಒಂದು: ನಮ್ಮ, ಹಕ್ಕಿಗಳ ಜೀವಕೋಶದ ಪೊರೆಯಲ್ಲಿ ಇರುವುದು ಕೊಲೆಸ್ಟ್ರಾಲ್, ಬೂಷ್ಟಿನ ಪೊರೆಯಲ್ಲಿ ಎರ್ಗೋಸ್ಟೆರಾಲ್. ಹೆಚ್ಚಿನ ಔಷಧಿಗಳು ಆ ಒಂದೇ ಸಂದಿಯಲ್ಲಿ ಕೈ ಹಾಕುತ್ತವೆ. ನಿಸ್ಟಾಟಿನ್, ಆಂಫೋಟೆರಿಸಿನ್ ಎರಡೂ ಎರ್ಗೋಸ್ಟೆರಾಲ್‌ಗೆ ಅಂಟಿಕೊಂಡು ಪೊರೆಗೆ ತೂತು ಮಾಡುತ್ತವೆ. ಫ್ಲುಕೊನಜೋಲ್, ಇಟ್ರಾಕೊನಜೋಲ್, ವೊರಿಕೊನಜೋಲ್ ಅದನ್ನು ತಯಾರಿಸುವ ಕಿಣ್ವವನ್ನೇ ತಡೆಯುತ್ತವೆ. ತೊಂದರೆ ಏನೆಂದರೆ ಅದೇ ಮನೆತನದ ಕಿಣ್ವಗಳು ನಮ್ಮ ಲಿವರ್‌ನಲ್ಲೂ ಇವೆ, ಹಕ್ಕಿಯ ಲಿವರ್‌ನಲ್ಲೂ ಇವೆ. ರಕ್ತಕ್ಕೆ ಹೋದ ಆಂಫೋಟೆರಿಸಿನ್ ಕಿಡ್ನಿಗೆ ಪೆಟ್ಟು ಕೊಡುತ್ತದೆ. ರಕ್ತಕ್ಕೇ ಹೋಗದ ನಿಸ್ಟಾಟಿನ್ ಅದಕ್ಕೇ ಅಷ್ಟು ಸಾಧು.

ಬಸ್ಯಾ ಉಳಿದ. ಗದಗಿನ ಗೌಡ್ರು ಉಳಿಯಲಿಲ್ಲ.

ಗೌಡ್ರು ಅಂದರೆ ನನ್ನ ಸೋದರಮಾವ ಸಾಕಿದ್ದ ಆಫ್ರಿಕನ್ ಗ್ರೇ. ಬೂದು ಬಣ್ಣ, ಕೆಂಪು ಬಾಲ, ಒಂದೇ ಕಣ್ಣಲ್ಲಿ ಓರೆಯಾಗಿ ನೋಡುವ ಗತ್ತು. ಹೆಸರು ತಾನಾಗೇ ಬಿದ್ದಿತ್ತು. ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಎಲ್ಲ ಮಾಡಿಸಿದ್ದ ಮಾವ, ಕಾಗದಪತ್ರದ ವಿಷಯದಲ್ಲಿ ಅವನು ಬಹಳ ಹುಷಾರು. ಅವನದು ಶೇಂಗಾ, ಸೂರ್ಯಕಾಂತಿ, ಕುಸುಬಿ ವ್ಯಾಪಾರ. ಗೌಡ್ರ ಅಡ್ಡೆ ಗೋದಾಮಿನ ಬಾಗಿಲಲ್ಲೇ, ಚೀಲಗಳ ಪಕ್ಕ. ಗಿರಾಕಿ ಬಂದರೆ "ಏ ತಮ್ಮಾ, ಚಾ ತಗೊಂಬಾ" ಅನ್ನುತ್ತಿತ್ತು, ಥೇಟ್ ಮಾವನ ದನಿ. ಹಮಾಲರು ಎಷ್ಟೋ ಸಲ ಮೋಸ ಹೋಗಿ ಚಹಾ ತಂದಿದ್ದಾರೆ.

ಮೊದಲು ಹೋದದ್ದು ಆ ದನಿ. ಸ್ಟೇಷನ್ ಸರಿಯಾಗಿ ಹಿಡಿಯದ ರೇಡಿಯೋ ಹಾಗೆ ಕೊರಕೊರ ಆಯಿತು. "ಗಂಟಲು ಕೆಟ್ಟೈತಿ" ಅಂತ ಮಾವ ಜೇನುತುಪ್ಪ ತಿನ್ನಿಸಿದ. ಹಕ್ಕಿಯ ದನಿಪೆಟ್ಟಿಗೆ ಇರುವುದು ನಮ್ಮ ಹಾಗೆ ಗಂಟಲಲ್ಲಿ ಅಲ್ಲ, ಶ್ವಾಸನಾಳ ಎರಡಾಗಿ ಒಡೆಯುವ ಬುಡದಲ್ಲಿ, ಎದೆಯೊಳಗೆ. ಅಲ್ಲಿ ದನಿ ಕೆಟ್ಟಿತೆಂದರೆ ರೋಗ ಆಗಲೇ ಒಳಮನೆಗೆ ಬಂದಿದೆ ಅಂತ. ಆಮೇಲೆ ಉಸಿರಿಗೊಮ್ಮೆ ಬಾಲ ಮೇಲೆ ಕೆಳಗೆ ಆಡಲು ಶುರುವಾಯಿತು. ಅದು ಆಸ್ಪರ್‌ಜಿಲ್ಲೋಸಿಸ್, ಉಸಿರಿನ ದಾರಿಗೆ ಬೂಷ್ಟು ಹಿಡಿಯುವ ರೋಗ.

ಆಸ್ಪರ್‌ಜಿಲ್ಲಸ್ ಫ್ಯೂಮಿಗೇಟಸ್ ಅನ್ನುವ ಈ ಬೂಷ್ಟು ಎಲ್ಲ ಕಡೆ ಇದೆ. ಚಳಿಗಾಲದ ಮುಂಜಾನೆ ತಿಪ್ಪೆಯಿಂದ ಹಬೆ ಏಳುವುದನ್ನು ನೋಡಿದ್ದೀರಲ್ಲ? ಒಳಗೆ ಅಷ್ಟು ಕಾವು. ಆ ಕಾವಿನಲ್ಲಿ ಆರಾಮಾಗಿ ಬೆಳೆಯುವ ಜಾತಿ ಇದು. ಸಾಮಾನ್ಯ ಬೂಷ್ಟಿಗೆ ಹಕ್ಕಿಯ ಮೈಯ 41 ಡಿಗ್ರಿ ತಾಳಲು ಆಗುವುದಿಲ್ಲ, ಇದಕ್ಕೆ ಅದು ಹಿತವಾದ ಜಾಗ. ನೆನೆದ ಕಾಳು, ಶೇಂಗಾ ಸಿಪ್ಪೆ, ಗೋಣಿಚೀಲದ ಧೂಳು, ಎಲ್ಲದರಲ್ಲೂ ಅದರ ಬೀಜಕಣ. ಹಕ್ಕಿಯ ಉಸಿರು ಶ್ವಾಸಕೋಶಕ್ಕೆ ಮುಗಿಯುವುದಿಲ್ಲ. ಅದರ ಆಚೆ ಗಾಳಿಚೀಲಗಳಿವೆ, ಹೆಚ್ಚಿನ ಹಕ್ಕಿಗಳಲ್ಲಿ ಒಂಬತ್ತು. ಬೆಲೂನಿನ ಹಾಗೆ ತೆಳು, ಬೆಚ್ಚಗೆ, ಒದ್ದೆ, ಯಾವಾಗಲೂ ಗಾಳಿ. ಬೂಷ್ಟಿಗೆ ಇದಕ್ಕಿಂತ ಒಳ್ಳೆಯ ಗೋದಾಮು ಬೇಕೆ?

ಮಾವ ಇಂಟರ್ನೆಟ್ಟಿನಲ್ಲಿ ಓದಿ, ತಾನೇ ಇಟ್ರಾಕೊನಜೋಲ್ ಕ್ಯಾಪ್ಸೂಲ್ ತಂದು, ಒಳಗಿನ ಸಾಬೂದಾಣಿಯಂಥ ಗುಳಿಗೆ ಜಜ್ಜಿ ಬಾಳೆಹಣ್ಣಿನಲ್ಲಿ ಕೊಟ್ಟ. ಔಷಧಿ ತಪ್ಪಲ್ಲ, ಈ ರೋಗಕ್ಕೆ ಅದೇ ಹಳೆಯ ಮದ್ದು. ಆದರೆ ಆಫ್ರಿಕನ್ ಗ್ರೇ ಜಾತಿಗೆ ಮಾತ್ರ ಅದು ಆಗಿಬರುವುದಿಲ್ಲ. ಬೇರೆ ಗಿಳಿಗಳು ತಾಳುವ ಪ್ರಮಾಣಕ್ಕೆ ಇವು ಊಟ ಬಿಡುತ್ತವೆ, ಮಂಕಾಗುತ್ತವೆ, ಸಾಯಲೂಬಹುದು. ಗೌಡ್ರು ನಾಲ್ಕನೇ ದಿನಕ್ಕೆ ತಿನ್ನುವುದು ಬಿಟ್ಟಿತು. ಗಾಬರಿಯಾಗಿ ನನ್ನ ಡಾಕ್ಟರ ಹತ್ತಿರ ತಂದರು. ಎಕ್ಸ್‌ರೇ ತೆಗೆದರು. ಕಪ್ಪಗೆ ಕಾಣಬೇಕಾದ ಗಾಳಿಚೀಲದಲ್ಲಿ ಮಂಜು ಮುಸುಕಿದ ಹಾಗೆ ಬಿಳುಪು. ಔಷಧಿ ಬದಲಿಸಿ ವೊರಿಕೊನಜೋಲ್ ಬರೆದರು. ಜೊತೆಗೆ ಮಕ್ಕಳ ದಮ್ಮಿಗೆ ಬಳಸುವ ನೆಬ್ಯುಲೈಸರ್ ಹಚ್ಚಿ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂರಿಸಿ, ಆಂಫೋಟೆರಿಸಿನ್ ಹಬೆ. ಖರ್ಚು ಏರುತ್ತಲೇ ಹೋಯಿತು. ಮಾವ ಒಂದು ಮಾತೂ ಆಡಲಿಲ್ಲ. ಜಿಪುಣ ಅಂತ ನಾವೆಲ್ಲ ಆಡಿಕೊಳ್ಳುತ್ತಿದ್ದ ಮನುಷ್ಯ.

ಏಳನೇ ವಾರ ಗೌಡ್ರು ಹೋಯಿತು. ಡಾಕ್ಟರು ಮಾವನನ್ನು ಕೇಳಿ ಹೊಟ್ಟೆ ಕೊಯ್ದು ನೋಡಿದರು, ನನ್ನನ್ನೂ ಕರೆದರು. ಗಾಳಿಚೀಲದ ಒಳಮೈಗೆ ದಪ್ಪ ಹಳದಿ ಬಿಲ್ಲೆಗಳು. ಅವುಗಳ ಮೇಲೆ ನವಿರಾದ ಬೂದು ಹಸಿರು ಹೊದಿಕೆ. ಆ ಬಣ್ಣ ನನಗೆ ಗೊತ್ತಿತ್ತು. ಮಳೆಗಾಲದಲ್ಲಿ ನನ್ನ ಚಪ್ಪಲಿಯ ಮೇಲೆ ಬರುವ ಬಣ್ಣ.

"ನೋಡ್ರಿ, ಇಲ್ಲಿ ರಕ್ತನಾಳ ಎಲ್ಲದಾವ?" ಅಂದರು ಡಾಕ್ಟರು. ಗಾಳಿಚೀಲಕ್ಕೆ ರಕ್ತ ಹರಿಯುವುದೇ ಕಮ್ಮಿ. ಬಾಯಿಯಿಂದ ಕೊಟ್ಟ ಔಷಧಿ ರಕ್ತದ ಮೂಲಕ ಬರಬೇಕು, ರಕ್ತವೇ ಬಾರದ ಕಡೆ ಅದು ಬರುವುದು ಹೇಗೆ? ಮೇಲೆ ಗಟ್ಟಿ ಬಿಲ್ಲೆಯ ಕೋಟೆ ಬೇರೆ. ಮೊದಲೇ ಹಿಡಿದಿದ್ದರೆ ಹಬೆಯ ಔಷಧಿ ಒಂದಿಷ್ಟು ಕೆಲಸ ಮಾಡುತ್ತಿತ್ತೇನೋ. ಹಕ್ಕಿ ರೋಗ ಮುಚ್ಚಿಡುತ್ತದೆ, ಕಾಡಿನಲ್ಲಿ ಸೋತವರನ್ನು ಗಿಡುಗ ಮೊದಲು ಆರಿಸುತ್ತದೆ. ತೋರಿಸಿಕೊಳ್ಳುವ ಹೊತ್ತಿಗೆ ತಡವಾಗಿರುತ್ತದೆ.

ಹಿಂತಿರುಗುವಾಗ ಮಾವ ಅಣ್ಣಿಗೇರಿ ದಾಟುವ ತನಕ ಸುಮ್ಮನಿದ್ದ. ಆಮೇಲೆ ಕೇಳಿದ್ದು ಒಂದೇ. "ಅದಕ್ಕ ದಿನಾ ಶೇಂಗಾ ಕೊಡತಿದ್ದೆ. ನಮ್ಮ ಶೇಂಗಾದಾಗ ಇತ್ತೇನು ಅದು?" ನಾನು ಇಲ್ಲ ಅನ್ನಬಹುದಿತ್ತು. ಗೊತ್ತಿಲ್ಲ ಮಾವ, ಗಾಳಿಯಾಗೂ ಇರತೈತಿ ಅಂದೆ. ಎರಡೂ ಸುಳ್ಳಲ್ಲ.

ಶೇಂಗಾ ಒಂದೇ ಅಲ್ಲ, ಬರೀ ಕಾಳು ಹಾಕಿ ಸಾಕುವುದೇ ನಮ್ಮ ಕಡೆಯ ದೊಡ್ಡ ತಪ್ಪು. ಸೂರ್ಯಕಾಂತಿ ಬೀಜ ಕಣ್ಣೆದುರೇ ಬೆಳೆಯುತ್ತದೆ, ಅಗ್ಗ, ಗಿಳಿಗೂ ಪ್ರಾಣ. ಅದರಲ್ಲಿ ಎಣ್ಣೆ ಜಾಸ್ತಿ, ಎ ವಿಟಮಿನ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಎ ವಿಟಮಿನ್ ಕೊರತೆಯಾದರೆ ಬಾಯಿ, ಮೂಗು, ಶ್ವಾಸನಾಳದ ಒಳಪದರ ಒಣಗಿ ಒರಟಾಗುತ್ತದೆ. ಬೂಷ್ಟು ಕೂರಲು ಹದವಾದ ನೆಲ. ಈಗ ನಾನು ಬಸ್ಯಾನಿಗೆ ಗಜ್ಜರಿ ತುರಿ, ನುಗ್ಗಿ ತಪ್ಪಲ, ಕೆಂಪಾದ ಹಸಿ ಮೆಣಸಿನಕಾಯಿ ಕೊಡುತ್ತೇನೆ. ಮೆಣಸಿನಕಾಯಿಯ ಖಾರ ಹಕ್ಕಿಗಳಿಗೆ ಗೊತ್ತೇ ಆಗುವುದಿಲ್ಲ, ನಾಲಿಗೆಗೆ ಆ ಗ್ರಹಿಕೆ ಇಲ್ಲ. ಬ್ಯಾಡಗಿಯ ಸಂಬಂಧಿಕರೊಬ್ಬರು ಚೀಲ ತುಂಬ ಒಣ ಮೆಣಸಿನಕಾಯಿ ಕಳಿಸಿದ್ದರು, ಅದನ್ನು ಮಾತ್ರ ಅಡಿಗೆಗೆ ಇಟ್ಟುಕೊಂಡೆ. ಒಣಗಿಸಿ ಇಟ್ಟದ್ದು ಅಂದರೆ ಈಗ ಮೂಗು ತಾನಾಗಿ ಮುಂದೆ ಹೋಗುತ್ತದೆ, ಮುಗ್ಗಲು ವಾಸನೆ ಇದೆಯಾ ಅಂತ. ಕಾಳು ತಿಂಗಳಿಗೆ ಬೇಕಾದಷ್ಟೇ ತರುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಅದರ ಡಬ್ಬಿ ಫ್ರಿಜ್ಜಿನಲ್ಲಿ, ಹಾಲಿನ ಪಕ್ಕ. ಪಂಜರದ ತಳದ ಪೇಪರ್ ದಿನಾ ಬದಲು. ಹೆಂಡತಿ ಒಮ್ಮೆ ಅಂದಳು, ನನ್ನ ಪುಸ್ತಕದ ಬೂಷ್ಟು ಒರೆಸೋಕೆ ಹೇಳಿ ಹೇಳಿ ಹತ್ತು ವರ್ಷ ಆತು, ಗಿಣಿಗಾದರೆ ದಿನಾ ಮಾಡ್ತೀರಿ ಅಂತ. ನ್ಯಾಯವಾದ ದೂರು.

ಬಸ್ಯಾ ಈಗಲೂ ನನ್ನ ಕೈ ಮೇಲೆ ಕೂರುವುದಿಲ್ಲ. ಮಗಳ ಹೆಗಲ ಮೇಲೆ ಕೂರುತ್ತಾನೆ, ನನ್ನ ಹೆಂಡತಿಯ ಬೆರಳಿಗೆ ತಲೆ ಬಗ್ಗಿಸುತ್ತಾನೆ. ಅವರು ಟವೆಲ್ ಹಿಡಿದಿರಲಿಲ್ಲ. ತಕ್ಕಡಿಯ ಮೇಲೆ ಮಾತ್ರ ತಾನೇ ನಡೆದು ಬಂದು ನಿಲ್ಲುತ್ತಾನೆ, ಅಲ್ಲಿ ದಿನದ ಒಂದೇ ಒಂದು ಸೂರ್ಯಕಾಂತಿ ಬೀಜ ಇಟ್ಟಿರುತ್ತೇನೆ. ಬೀಜ ಒಡೆಯುವ ತನಕ ಅಂಕಿ ಮೇಲೆ ಕೆಳಗೆ ಓಡಾಡುತ್ತದೆ. ನಾನು ಎರಡು ಹೆಜ್ಜೆ ಹಿಂದೆ ನಿಂತು, ಕೈ ಬೆನ್ನ ಹಿಂದೆ ಕಟ್ಟಿಕೊಂಡು ಕಾಯುತ್ತೇನೆ. ಹೊರಗೆ ಜಿಟಿಜಿಟಿ ಶುರುವಾಗಿದೆ. ಇವತ್ತು 93.